ಶಕ್ತಿ ಕಡಿಮೆಯಿದ್ದರೂ ಟ್ರ್ಯಾಕ್‌ನಲ್ಲಿ ಮುಂದೆ: ಜಿಟಿ3 ಆರ್‌ಎಸ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಪೋರ್ಷೆ 911 ಜಿಟಿ3 ಆರ್‌ಎಸ್ ಕಾರಿಗೆ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲ, ಇರುವುದು 525 ಅಶ್ವಶಕ್ತಿ ಮಾತ್ರ. ಅದೇ ಪೀಳಿಗೆಯ 911 ಟರ್ಬೊ ಎಸ್‌ನಲ್ಲಿ 650 ಇತ್ತು. ಹಾಗಿದ್ದೂ ರೇಸ್ ಟ್ರ್ಯಾಕ್‌ನಲ್ಲಿ ಕಡಿಮೆ ಶಕ್ತಿಯ ಕಾರೇ ಮುಂದಿರುವುದು ಹೇಗೆ? ಹಿಂಬದಿಯ ದೊಡ್ಡ ರೆಕ್ಕೆ ನಿಜಕ್ಕೂ ಕೆಲಸ ಮಾಡುತ್ತದೆಯೇ? (ಜಯನಗರದ ಓದುಗರು)

ಉತ್ತರ: ಟ್ರ್ಯಾಕ್‌ನಲ್ಲಿ ಒಂದು ಸುತ್ತಿನ ಸಮಯವನ್ನು ನಿರ್ಧರಿಸುವುದು ನೇರ ದಾರಿಯ ವೇಗಕ್ಕಿಂತ ಹೆಚ್ಚಾಗಿ, ಎಷ್ಟು ತಡವಾಗಿ ಬ್ರೇಕ್ ಹಾಕಬಹುದು ಮತ್ತು ತಿರುವಿನಲ್ಲಿ ಎಷ್ಟು ವೇಗ ಉಳಿಸಿಕೊಳ್ಳಬಹುದು ಎಂಬುದು. ಇವೆರಡೂ ಟೈರಿನ ಹಿಡಿತವನ್ನು ಅವಲಂಬಿಸಿವೆ. ಟೈರಿನ ಮೇಲೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ; ಆದರೆ ಕಾರಿನ ತೂಕವನ್ನೇ ಹೆಚ್ಚಿಸಿದರೆ ಅದನ್ನು ನಿಲ್ಲಿಸುವುದೂ ತಿರುಗಿಸುವುದೂ ಅಷ್ಟೇ ಕಷ್ಟವಾಗುತ್ತದೆ. ತೂಕ ಸೇರಿಸದೆ ಭಾರ ಸೇರಿಸುವ ದಾರಿಯೆಂದರೆ ಗಾಳಿಯಿಂದ ಕಾರನ್ನು ನೆಲಕ್ಕೆ ಒತ್ತಿಸುವುದು, ಅಂದರೆ ಡೌನ್‌ಫೋರ್ಸ್. 2022ರಲ್ಲಿ ಬಂದ ಈ ಕಾರು ಗಂಟೆಗೆ 200 ಕಿ.ಮೀ. ವೇಗದಲ್ಲಿ 409 ಕೆ.ಜಿ., 285 ಕಿ.ಮೀ. ವೇಗದಲ್ಲಿ 860 ಕೆ.ಜಿ.ಯಷ್ಟು ಒತ್ತಡ ಉಂಟುಮಾಡುತ್ತದೆ. ಕಾರಿನ ತೂಕವೇ ಸುಮಾರು 1,450 ಕೆ.ಜಿ. ಎಂಬುದನ್ನು ನೆನೆದರೆ ಈ ಅಂಕಿಗಳ ಮಹತ್ವ ತಿಳಿಯುತ್ತದೆ. ಜರ್ಮನಿಯ ನೂರ್ಬರ್ಗ್‌ರಿಂಗ್‌ನ 20.832 ಕಿ.ಮೀ. ಸುತ್ತನ್ನು ಇದು 6 ನಿಮಿಷ 49.328 ಸೆಕೆಂಡಿನಲ್ಲಿ ಮುಗಿಸಿತು.

ರೆಕ್ಕೆ ಎಲ್ಲರ ಕಣ್ಣಿಗೆ ಬೀಳುತ್ತದೆ, ಆದರೆ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಕಾರಿನ ಮುಂಭಾಗದ ಕೆಲಸ. ಹಿಂದೆ ಎಷ್ಟು ದೊಡ್ಡ ರೆಕ್ಕೆ ಕಟ್ಟಿದರೂ ಮುಂಚಕ್ರಗಳ ಮೇಲೆ ತಕ್ಕ ಒತ್ತಡ ಇಲ್ಲದಿದ್ದರೆ ಕಾರು ತಿರುಗಲು ಒಪ್ಪುವುದಿಲ್ಲ. ಅದಕ್ಕಾಗಿ ಎಂಜಿನಿಯರುಗಳು ಮುಂದಿದ್ದ ಮೂರು ರೇಡಿಯೇಟರುಗಳ ಬದಲು ರೇಸ್ ಕಾರುಗಳಲ್ಲಿರುವಂತೆ ಒಂದೇ ದೊಡ್ಡ ರೇಡಿಯೇಟರನ್ನು ನಡುವೆ, ಸಾಮಾನು ಇಡುವ ಜಾಗದಲ್ಲಿ, ಓರೆಯಾಗಿ ಕೂರಿಸಿದರು. ಸಾಮಾನಿನ ಜಾಗ ಹೋಯಿತು, ಬದಲಿಗೆ ಎರಡೂ ಪಕ್ಕಗಳಲ್ಲಿ ತೆರವಾದ ಜಾಗದಲ್ಲಿ, ವೇಗಕ್ಕೆ ತಕ್ಕಂತೆ ತಾವೇ ಓರೆ ಬದಲಿಸುವ ರೆಕ್ಕೆಗಳು ಬಂದವು. ರೇಡಿಯೇಟರಿನಿಂದ ಬರುವ ಬಿಸಿಗಾಳಿ ಹಿಂದಿನ ಎಂಜಿನ್ನಿಗೆ ಹೋಗಬಾರದೆಂದು ಛಾವಣಿಯ ಮೇಲಿನ ಪಟ್ಟಿಗಳು ಅದನ್ನು ಪಕ್ಕಕ್ಕೆ ತಳ್ಳುತ್ತವೆ. ಒಂದು ಬದಲಾವಣೆ ಮತ್ತೊಂದನ್ನು ಬೇಡುತ್ತಾ ಹೋಗುವ ಈ ಸರಣಿಯೇ ನಿಜವಾದ ಎಂಜಿನಿಯರಿಂಗ್.

ಇನ್ನೊಂದು ಸೂಕ್ಷ್ಮವೂ ಇದೆ. ಜೋರಾಗಿ ಬ್ರೇಕ್ ಹಾಕಿದಾಗ ಯಾವುದೇ ಕಾರಿನ ಮೂತಿ ಕೆಳಗಿಳಿದು ಹಿಂಭಾಗ ಏಳುತ್ತದೆ. ಗಾಳಿಯ ಒತ್ತಡವನ್ನೇ ನಂಬಿದ ಕಾರಿನಲ್ಲಿ ಹೀಗಾದರೆ ಒತ್ತಡವೆಲ್ಲ ಮುಂದಕ್ಕೆ ಸರಿದು, ತಿರುವಿಗೆ ಇಳಿಯುವ ಹೊತ್ತಿಗೇ ಹಿಂಚಕ್ರಗಳು ಹಗುರಾಗಿ ಜಾರುವ ಅಪಾಯವಿರುತ್ತದೆ. ಇದನ್ನು ತಡೆಯಲು ಮುಂಭಾಗದ ಸಸ್ಪೆನ್ಷನ್ನಿನ (ಚಕ್ರವನ್ನು ಕಾರಿಗೆ ಜೋಡಿಸುವ ವ್ಯವಸ್ಥೆ) ಕೆಳತೋಳಿನ ಬಾಲ್ ಜಾಯಿಂಟನ್ನು (ಗುಂಡಿನಾಕಾರದ ಕೀಲು) ತಗ್ಗಿಸಿ, ಬ್ರೇಕಿನ ಬಲವೇ ಮೂತಿಯನ್ನು ಎತ್ತಿಹಿಡಿಯುವಂತೆ ಜೋಡಿಸಿದ್ದಾರೆ. ಚಕ್ರದ ಬಳಿ ಗಾಳಿಗೆ ಸಿಗುವ ಸಸ್ಪೆನ್ಷನ್ ತೋಳುಗಳನ್ನೂ ಹನಿಯ ಆಕಾರಕ್ಕೆ ತಂದು, ಗರಿಷ್ಠ ವೇಗದಲ್ಲಿ ಅವುಗಳಿಂದಲೇ ಸುಮಾರು 40 ಕೆ.ಜಿ. ಒತ್ತಡ ಪಡೆದಿದ್ದಾರೆ.

ಹಿಂದಿನ ರೆಕ್ಕೆಯ ಮೇಲ್ಭಾಗವು ನೇರ ದಾರಿಯಲ್ಲಿ ಮಟ್ಟಸವಾಗಿ ಗಾಳಿಯ ತಡೆಯನ್ನು ತಗ್ಗಿಸುತ್ತದೆ, ಅತಿವೇಗದಲ್ಲಿ ತುರ್ತು ಬ್ರೇಕ್ ಹಾಕಿದಾಗ ಎದ್ದು ನಿಂತು ತಾನೂ ಬ್ರೇಕಿನಂತೆ ಕೆಲಸ ಮಾಡುತ್ತದೆ. ಆದರೆ ಈ ಒತ್ತಡ ಬದಲಾಗುವುದು ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ ಗುಣಲಬ್ಧಕ್ಕೆ) ಅನುಗುಣವಾಗಿ. 200ರಿಂದ 100 ಕಿ.ಮೀ.ಗೆ ಇಳಿದರೆ ಉಳಿಯುವುದು ನಾಲ್ಕನೆಯ ಒಂದು ಪಾಲು. ಹೊರವರ್ತುಲ ರಸ್ತೆಯ ಸಂಚಾರದಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು.

ಪ್ರಶ್ನೆ: ಬೆಂಗಳೂರು ಎತ್ತರದಲ್ಲಿರುವುದರಿಂದ ಇಂತಹ ಎಂಜಿನ್ ಇಲ್ಲಿ ಪೂರ್ಣ ಶಕ್ತಿ ಕೊಡುವುದಿಲ್ಲ ಎನ್ನುತ್ತಾರೆ. ನಿಜವೇ? (ಮಲ್ಲೇಶ್ವರದ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ನಿಜ. ನಮ್ಮ ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಟರ್ಬೊ ಇರುವ ಎಂಜಿನ್ ಗಾಳಿಯನ್ನು ಇನ್ನಷ್ಟು ಒತ್ತಿ ತುಂಬಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿಕೊಳ್ಳುತ್ತದೆ. ಟರ್ಬೊ ಇಲ್ಲದ ಈ 4 ಲೀಟರ್, ಆರು ಸಿಲಿಂಡರಿನ ಎಂಜಿನ್ನಿಗೆ ಆ ಅನುಕೂಲವಿಲ್ಲ. ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಡೌನ್‌ಫೋರ್ಸ್ ಕೂಡ ಗಾಳಿಯ ಸಾಂದ್ರತೆಯನ್ನೇ ನಂಬಿರುವುದರಿಂದ ಅದೂ ತಗ್ಗುತ್ತದೆ. ಗಾಳಿಯ ತಡೆ ತಗ್ಗುವುದಷ್ಟೇ ಲಾಭ.

ಹಾಗಾದರೆ ಟರ್ಬೊ ಏಕೆ ಹಾಕಲಿಲ್ಲವೆಂದು ನೀವು ಕೇಳಬಹುದು. ತಿರುವಿನ ನಡುವೆ ಚಾಲಕ ಪೆಡಲನ್ನು ಕೂದಲೆಳೆಯಷ್ಟು ಒತ್ತಿದರೂ ಅಷ್ಟೇ ಶಕ್ತಿ ತಕ್ಷಣ ಬರಬೇಕು. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಥ್ರಾಟಲ್ (ಗಾಳಿಯ ಹರಿವನ್ನು ನಿಯಂತ್ರಿಸುವ ಕವಾಟ) ಇರುವ ಈ ಎಂಜಿನ್ ಅದನ್ನು ಕೊಡುತ್ತದೆ. ಟಾರ್ಕ್ (ತಿರುಗಿಸುವ ಬಲ) 465 ನ್ಯೂಟನ್ ಮೀಟರ್ ಮಾತ್ರವಾದ್ದರಿಂದ ಶಕ್ತಿಯನ್ನು ವೇಗವಾಗಿ ತಿರುಗಿಯೇ ಗಳಿಸಬೇಕು. ಹೀಗಾಗಿ ಇದು ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ, ಆಗ ಪಿಸ್ಟನ್‌ಗಳ ಸರಾಸರಿ ವೇಗ ಸೆಕೆಂಡಿಗೆ 24 ಮೀಟರ್ ಮೀರುತ್ತದೆ. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ಸರಿದು ಬೇರಿಂಗ್‌ಗಳು ಒಣಗದಂತೆ, ಆಯಿಲನ್ನು ಎಂಜಿನ್ನಿನ ತಳದಲ್ಲಿ ನಿಲ್ಲಗೊಡದೆ ಪ್ರತ್ಯೇಕ ಟ್ಯಾಂಕಿನಿಂದ ಪಂಪ್ ಮಾಡಲಾಗುತ್ತದೆ.

ಪ್ರಶ್ನೆ: ಗೆಳೆಯರು ತಮ್ಮ ಇಂತಹದ್ದೇ ಕಾರನ್ನು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಒಯ್ಯಲಿದ್ದಾರೆ. ಮೊದಲು ಏನು ನೋಡಬೇಕು? (ವೈಟ್‌ಫೀಲ್ಡ್‌ನ ಓದುಗರು)

ಉತ್ತರ: ಮೊದಲಿಗೆ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತಾ ಹೋಗುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಆಯಿಲಿಗೆ ಅದೇ ಮಿತಿ 155 ಡಿಗ್ರಿ. ಕುದಿದರೆ ಆವಿಯ ಗುಳ್ಳೆಗಳೆದ್ದು ಪೆಡಲ್ ನೆಲ ಮುಟ್ಟುತ್ತದೆ. ಆದ್ದರಿಂದ ಹೋಗುವ ಮುನ್ನ ಅದನ್ನು ಬದಲಿಸಲಿ. ಬಿಸಿಯಾದಾಗ ಟೈರಿನ ಒತ್ತಡ ಏರುವುದರಿಂದ, ಕೆಲವು ಸುತ್ತುಗಳ ನಂತರ ಹೊರಬಂದು ಬಿಸಿ ಟೈರಿನಲ್ಲೇ ಅಳೆದು ಸರಿಪಡಿಸಿಕೊಳ್ಳಬೇಕು. ನಮ್ಮಲ್ಲಿನ ಸಾಮಾನ್ಯ ವಾಹನ ವಿಮೆ ರೇಸ್ ಮತ್ತು ವೇಗ ಪರೀಕ್ಷೆಯ ಹಾನಿಯನ್ನು ಭರಿಸುವುದಿಲ್ಲ. ಪಾಲಿಸಿಯನ್ನು ಓದಿಯೇ ಹೊರಡಲಿ. ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಬಳಸದೆ ನಿಧಾನವಾಗಿ ಮುಗಿಸಿ, ನಿಲ್ಲಿಸಿದ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕದೆ ಚಕ್ರಕ್ಕೆ ಅಡ್ಡಗಟ್ಟೆ ಕೊಡುವುದು ಕಾದ ಡಿಸ್ಕ್‌ಗಳಿಗೆ ಒಳ್ಳೆಯದು.