ಇಳಿದ ಮೇಲೆ ಸಿಡಿದರೆ, ಇಳಿದ ಹಾಗಾ?

ಪ್ರಿಯ ಓದುಗರೇ,

ಪ್ರೆಡಿಕ್ಷನ್ ಮಾರ್ಕೆಟ್ ಅಂದರೆ ಮುಂದೆ ಏನಾಗುತ್ತದೆ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಜನ ಹಣ ಕಟ್ಟುವ ಜಾಗ. ರಾಕೆಟ್ ಪರೀಕ್ಷೆಗಳ ಮೇಲೆ ಹಾಗೆ ಹಣ ಕಟ್ಟಿದಾಗ ತಕರಾರು ಬಂದರೆ ಪ್ರಶ್ನೆಯ ಪದ ಹಿಡಿದು ಜಗ್ಗಾಡೋದು ಯಾಕೆ, ಒಟ್ಟಾರೆ ಹಾರಾಟ ಗೆದ್ದಿತಾ ಅಂತ ನೋಡಿ ತೀರ್ಪು ಕೊಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್‌ನ ಎಸ್ಎನ್10, ಅಂದರೆ ಸ್ಟಾರ್‌ಶಿಪ್ ರಾಕೆಟ್‌ನ ಒಂದು ಪರೀಕ್ಷಾ ಮಾದರಿ, ನೆನಪು ಮಾಡಿಕೊಳ್ಳಿ. 2021ರ ಮಾರ್ಚ್ 3ರಂದು ಟೆಕ್ಸಸ್‌ನಲ್ಲಿ ಸುಮಾರು 10 ಕಿ.ಮೀ. ಮೇಲೇರಿತು. ಅಡ್ಡಡ್ಡ ಬೀಳುತ್ತಾ ಬಂದು, ಕೊನೆಯಲ್ಲಿ ನೆಟ್ಟಗಾಗಿ ನೆಲಕ್ಕೆ ಕೂತಿತು. ಸ್ವಲ್ಪ ವಾಲಿತ್ತು, ಬುಡದಲ್ಲಿ ಬೆಂಕಿ ಕಾಣುತ್ತಿತ್ತು, ಆದರೂ ನಿಂತಿತ್ತು. ಕೆಲವೇ ನಿಮಿಷಗಳಲ್ಲಿ ಸಿಡಿದು ಚೂರಾಯಿತು. 'ಇಳಿಯುತ್ತದಾ?' ಎಂದಷ್ಟೇ ಪ್ರಶ್ನೆ ಇದ್ದರೆ ನಾನು ಹೌದು ಎನ್ನುತ್ತೇನೆ. 'ಯಶಸ್ವಿಯಾಗಿ ಇಳಿಯುತ್ತದಾ?' ಎಂದಿದ್ದರೆ ಜಗಳ ಶುರು. ಆ ಒಂದು ಪದವೇ ಸಾಕು.

ಯಾಕೆಂದರೆ ಯಶಸ್ಸಿನ ಅಳತೆ ಒಬ್ಬೊಬ್ಬರದು ಒಂದೊಂದು. 2023ರ ಏಪ್ರಿಲ್ 20ರಂದು ಸ್ಟಾರ್‌ಶಿಪ್ ಮೊದಲ ಬಾರಿ ಬೂಸ್ಟರ್ (ಅದನ್ನು ಮೇಲಕ್ಕೆ ತಳ್ಳುವ ಕೆಳಗಿನ ರಾಕೆಟ್) ಸಮೇತ ಹಾರಿ, ಸುಮಾರು ನಾಲ್ಕು ನಿಮಿಷಕ್ಕೆ ಚೂರಾಯಿತು. ಉಡಾವಣಾ ಕಟ್ಟೆ ಬಿಟ್ಟು ದೂರ ಹೋದರೆ ಅದೇ ಗೆಲುವು ಎಂದು ಎಲಾನ್ ಮಸ್ಕ್ ಮೊದಲೇ ಹೇಳಿದ್ದರು. ಅಮೆರಿಕದ ವಿಮಾನಯಾನ ಇಲಾಖೆ ಅದನ್ನೇ ಅವಘಡ ಎಂದು ತನ್ನ ಮೇಲ್ವಿಚಾರಣೆಯಲ್ಲಿ ತನಿಖೆ ಮಾಡಿಸಿತು. ಹಣ ಕಟ್ಟಿದವರು ಯಾರ ಮಾತು ನಂಬಬೇಕು?

ಕೆಲವೊಮ್ಮೆ ಕೆಟ್ಟ ಪ್ರಶ್ನೆಯೂ ಅದೃಷ್ಟದಿಂದ ಪಾರಾಗುತ್ತದೆ. ಬಾಹ್ಯಾಕಾಶ 80 ಕಿ.ಮೀ.ಗೆ ಶುರುವಾ, 100ಕ್ಕಾ ಅನ್ನೋದರಲ್ಲೇ ಒಮ್ಮತ ಇಲ್ಲ. 2023ರ ನವೆಂಬರ್‌ನಲ್ಲಿ ಸ್ಟಾರ್‌ಶಿಪ್‌ನ ಎರಡನೇ ಹಾರಾಟ 140 ಕಿ.ಮೀ. ದಾಟಿದ್ದರಿಂದ ಆ ಗೊಂದಲ ಏಳಲೇ ಇಲ್ಲ. 90ಕ್ಕೇ ಮುಗಿದಿದ್ದರೆ? 'ಕಕ್ಷೆ' ಅನ್ನೋ ಪದವೂ ಹಾಗೇ. 2024ರ ಮಾರ್ಚ್‌ನ ಮೂರನೇ ಹಾರಾಟದಲ್ಲಿ ವೇಗ ಕಕ್ಷೆಯ ವೇಗದ ಹತ್ತಿರವಿತ್ತು, ಆದರೆ ಸುತ್ತು ಮುಗಿಸದೆ ವಾಪಸ್ ಬೀಳುವ ಹಾದಿಯನ್ನು ಬೇಕಂತಲೇ ಆರಿಸಿದ್ದರು. 'ಕಕ್ಷೆ ತಲುಪಿತಾ?' ಎಂದು ಕೇಳಿದ್ದರೆ ನನ್ನ ತೀರ್ಪು 'ಇಲ್ಲ' ಅಂತಲೇ, ಎಷ್ಟು ಜನ ಬೇಜಾರಾದರೂ.

ಉದ್ದೇಶ ನೋಡಲೇಬಾರದು ಎಂದಲ್ಲ. ಹಾರಾಟಕ್ಕೆ ಮುಂಚೆ ಹಣ ಕಟ್ಟಿದವರು ಆ ಸಾಲನ್ನು ಹೇಗೆ ಓದಿರುತ್ತಾರೆ ಅನ್ನೋದನ್ನು ನೋಡಬೇಕು. ಹಿಂದಿನ ದಿನ ಯಾರೋ 'ಇಳಿದು ಆಮೇಲೆ ಸಿಡಿದರೆ?' ಎಂದು ಕೇಳಿ, ಪ್ರಶ್ನೆ ಬರೆದವರು ಎಲ್ಲರಿಗೂ ಕಾಣುವಂತೆ ಉತ್ತರ ಕೊಟ್ಟಿದ್ದರೆ ಅದೇ ನಿಯಮ. ಹಾರಾಟ ಮುಗಿದ ಮೇಲೆ ಕಂಪನಿ ಹೊಗಳಿಕೊಂಡದ್ದು ಲೆಕ್ಕಕ್ಕಿಲ್ಲ. ಎರಡೂ ಅರ್ಥ ನಿಜಕ್ಕೂ ಸಮವಾಗಿ ನಿಂತರೆ, ತೀರ್ಪುಗಾರರು ಸುಮ್ನೆ ಒಂದು ಕಡೆ ವಾಲದೆ ಎಲ್ಲರ ಹಣ ವಾಪಸ್ ಕೊಡಲಿ.

— ಸಂಪಾದಕ