ಅಟ್ಟದಲ್ಲಿ ಸಿಕ್ಕ ‘ರಾಕ್ಣೊ’

ಪ್ರಶ್ನೆ: ನಾವು ಕೊಂಡ ಹಳೇ ಮನೆಯ ಅಟ್ಟದಲ್ಲಿ ‘ರಾಕ್ಣೊ’ ಎಂಬ ಪತ್ರಿಕೆಯ ಕಟ್ಟು ಸಿಕ್ಕಿದೆ. ಹೆಚ್ಚಿನವು 1970ರ ದಶಕದವು. ಅಕ್ಷರ ಕನ್ನಡ, ಆದರೆ ಓದಿದರೆ ಅರ್ಥವಾಗುವುದಿಲ್ಲ. ಏನಿದು? ರದ್ದಿಗೆ ಹಾಕಬಹುದೆ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಹಾಕಬೇಡಿ. ಅದು ಮಂಗಳೂರು ಕ್ಯಾಥೊಲಿಕ್ ಧರ್ಮಪ್ರಾಂತ್ಯದ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತದ, ಕೊಂಕಣಿ ವಾರಪತ್ರಿಕೆ. 1938ರಲ್ಲಿ ಸಿಲ್ವೆಸ್ಟರ್ ಮಿನೇಜಸ್ ಎಂಬ ಪಾದ್ರಿಗಳು ಶುರು ಮಾಡಿದರು. ರಾಕ್ಣೊ ಎಂದರೆ ಕಾಯುವವನು. ಅದಕ್ಕೂ ಮೊದಲು, 1912ರಲ್ಲೇ, ಲುವಿಸ್ ಮಸ್ಕರೇನ್ಹಸ್ ‘ಕೊಂಕಣಿ ದಿರ್ವೆಂ’ ಎಂಬ ಪತ್ರಿಕೆ ಹೊರಡಿಸಿದ್ದರು. ಗೋವಾದ ಕ್ರೈಸ್ತರು ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ನಮ್ಮ ಕರಾವಳಿಯವರು ಶಾಲೆಯಲ್ಲಿ ಕಲಿತದ್ದು ಕನ್ನಡ ಅಲ್ವಾ, ಮನೆಮಾತಿಗೂ ಅದೇ ಲಿಪಿ ಒಗ್ಗಿತು.

ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ ಅಂದಿರಿ. ನಾನೂ ಹಾಗೇ ಓದಿದವನು. ನಮ್ಮ ಪಕ್ಕದ ಅಡಿಕೆ ತೋಟದಲ್ಲಿ ಒಬ್ಬ ಬಾಯಮ್ಮ ಇದ್ದರು. ಘಟ್ಟದ ಕೆಳಗಿನಿಂದ ಮದುವೆಯಾಗಿ ಬಂದವರು. ಓದು ಬರಹ ಬಾರದು. ಅಂಚೆಯಲ್ಲಿ ‘ರಾಕ್ಣೊ’ ಬಂದ ದಿನ ನನ್ನನ್ನು ಕೂಗುತ್ತಿದ್ದರು. ನಾನು ಆಗ ಐದನೇ ಕ್ಲಾಸು. ಜಗಲಿಯಲ್ಲಿ ಕೂತು ಅಕ್ಷರ ಕೂಡಿಸಿ ಓದುತ್ತಿದ್ದೆ. ನನಗೆ ಒಂದೂ ತಿಳಿಯದು. ಅವರು ಮಾತ್ರ ನಗುವರು, ತಲೆದೂಗುವರು, ‘ಇನ್ನೊಂದ್ಸಲ ಓದು ಮಗಾ’ ಎನ್ನುವರು. ಒಂದು ಮಳೆಗಾಲದಲ್ಲಿ ಊರಿನ ಕಾಗದಕ್ಕಿಂತ ಮೊದಲು ಪತ್ರಿಕೆ ಬಂತು. ತೀರಿಕೊಂಡವರ ಪುಟ ಓದುತ್ತಿದ್ದೆ. ಬಾಯಮ್ಮ ಥಟ್ಟನೆ ನನ್ನ ಕೈ ಹಿಡಿದು ನಿಲ್ಲಿಸಿದರು. ಅದು ಅವರ ಅಣ್ಣನ ಹೆಸರು. ಏನು ಓದುತ್ತಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ.

ಶಿವಮೊಗ್ಗ ಪ್ರತ್ಯೇಕ ಧರ್ಮಪ್ರಾಂತ್ಯ ಆದದ್ದು 1988ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಘಟ್ಟ ಹತ್ತಿ ಬಂದ ಮನೆಗಳಿವೆ. ಅವರ ತವರಿನ ಮದುವೆ, ಸಾವು, ಇಗರ್ಜಿಯ (ಚರ್ಚಿನ) ಹಬ್ಬ ಎಲ್ಲ ಆ ಪುಟಗಳಲ್ಲಿವೆ. ಹೊರಗಿನವರಿಗೆ ಸಣ್ಣ ಸುದ್ದಿ, ಆ ಮನೆಯವರಿಗೆ ಜಾಸ್ತಿ ಬೆಲೆಯದು.

ಕಟ್ಟನ್ನು ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಗೆ ಹರಡಿ. ಹರಿದ ಕಡೆ ಸೆಲ್ಲೋ ಟೇಪ್ ಬೇಡ, ಅದರ ಅಂಟು ಕಾಗದವನ್ನು ಹಳದಿ ಮಾಡುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಇಡಿ. ಆಮೇಲೆ ಮನೆ ಮಾರಿದವರನ್ನೇ ಮೊದಲು ಕೇಳಿ. ಅವರಿಗೆ ಬೇಡವಾದರೆ ಹತ್ತಿರದ ಇಗರ್ಜಿಯ ಪಾದ್ರಿಗಳಿಗೆ ತೋರಿಸಿ.

ಇನ್ನೊಂದು ಮಾತು. ಬಾಯಮ್ಮ ತೀರಿಕೊಂಡದ್ದು 1978ರ ಮಳೆಗಾಲದಲ್ಲಿ. ಅವರ ಫೋಟೊ ಅದೇ ಪುಟದಲ್ಲಿ ಬಂದಿತ್ತು. ನನ್ನ ಹತ್ತಿರ ಆ ಸಂಚಿಕೆ ಇಲ್ಲ. ನಿಮ್ಮ ಕಟ್ಟಿನಲ್ಲಿ ಆ ವರ್ಷದವು ಇದ್ದರೆ ನಮ್ಮ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ, ನಾನೇ ಬಂದು ನೋಡುತ್ತೇನೆ.