ಸೊಂಟ ನೋವು: ಯೋಗವೋ, ಫಿಸಿಯೋಥೆರಪಿಯೋ?

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯ ಹೆಣ್ಣುಮಗಳು, ವಯಸ್ಸು ನಲವತ್ತು ದಾಟಿದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬಹಳ ದಿನದ ಸೊಂಟ ನೋವು. ನರಕ್ಕೆ ತೊಂದರೆ ಇಲ್ಲ ಎಂದು ಪರೀಕ್ಷಿಸಿದ ವೈದ್ಯರೇ ನನ್ನ ಹತ್ತಿರ ಕಳಿಸಿದ್ದರು.

ಸ್ಕ್ಯಾನ್ ವರದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. "ಡಿಸ್ಕ್ ಉಬ್ಬಿದೆಯಂತೆ ಮೇಡಂ. ಬಗ್ಗಿದ್ರೆ ಕಾಲೇ ಬಿದ್ದೋಗುತ್ತೆ ಅಂತಾರೆ ಪಕ್ಕದ ಮನೆಯೋರು." ಹುಳುಮನೆಯಲ್ಲಿ ಬಗ್ಗದೆ ಯಾವ ಕೆಲಸ ಆಗುತ್ತೆ? ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಸೊಪ್ಪು ಹಾಕುವುದು, ಉಳಿದ ಹೊತ್ತು ಹೆದರಿ ಮಲಗುವುದು. ಯಜಮಾನರಿಗೆ ಇದೆಲ್ಲ ನೆಪ. ಮಗಳು ಯೋಗ ಅಂತಾಳೆ, ತಮ್ಮ ಫಿಸಿಯೋಥೆರಪಿ ಅಂತಾನೆ.

ಮೊದಲು ಹೆದರಿಕೆ ಇಳಿಸಬೇಕಿತ್ತು. ನಲವತ್ತರ ಆಸುಪಾಸಿನಲ್ಲಿ, ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಅರ್ಧದಷ್ಟು ಜನರಿಗೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಇದನ್ನು ಹೇಳಿದಾಗ ಅವರು ವರದಿಯನ್ನು ಇನ್ನೊಮ್ಮೆ ತಿರುವಿ ನೋಡಿದರು.

ಅಮೆರಿಕದ ಬಾಸ್ಟನ್‌ನಲ್ಲಿ ಇಂಥ ಸೊಂಟ ನೋವಿನ 320 ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೆಚ್ಚಿನವರು ಕಡಿಮೆ ಆದಾಯದವರು. ಕೆಲವರಿಗೆ 12 ವಾರ ಯೋಗದ ತರಗತಿ, ಕೆಲವರಿಗೆ 15 ಸಲ ಫಿಸಿಯೋಥೆರಪಿ, ಉಳಿದವರಿಗೆ ಬೆನ್ನು ನೋವಿನ ಪುಸ್ತಕ. ನೋವು ಇಳಿಸುವುದರಲ್ಲಿ ಯೋಗ ಫಿಸಿಯೋಥೆರಪಿಗೆ ಕಡಿಮೆಯಿರಲಿಲ್ಲ. ಇವೆರಡು ಗುಂಪಿನಲ್ಲಿ ಮಾತ್ರೆ ನುಂಗುವವರೂ ಪುಸ್ತಕದ ಗುಂಪಿಗಿಂತ ಕಡಿಮೆಯಾದರು. ಹಾಗಾಗಿ ಯಾವುದು ಮೇಲು ಎಂದು ಮನೆಯಲ್ಲಿ ಜಗಳ ಆಡೋದು ಸುಮ್ನೆ. ಬಿಡದೆ ಮಾಡಲು ಯಾವುದು ಸಾಧ್ಯವೋ ಅದನ್ನು ಹಿಡಿಯಬೇಕು, ಅಲ್ವಾ?

"ನಂಗೆಲ್ಲಿ ಬಿಡುವಿದೆ ಮೇಡಂ?" ಅಂದರು. ಅವರ ಬಿಡುವನ್ನು ಹುಳುವಿನ ಲೆಕ್ಕದಲ್ಲೇ ಹುಡುಕಿದೆವು. ರೇಷ್ಮೆ ಹುಳು ಪೊರೆ ಕಳಚಲು ಮೇವು ಬಿಟ್ಟು ಕೂರುವುದಕ್ಕೆ ಜ್ವರ ಅಂತಾರೆ. ಅವರು ತರುವುದು ಎರಡನೇ ಜ್ವರ ಎದ್ದ ಚಾಕಿ ಹುಳು, ಅಂದರೆ ಬೇರೆ ಕಡೆ ಸಾಕಿದ ಮರಿ ಹುಳು. ಮನೆಯಲ್ಲಿ ಮೂರನೇ, ನಾಲ್ಕನೇ ಜ್ವರ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ. ಆ ದಿನ ಬಸ್ಸು ಹತ್ತಿ ಫಿಸಿಯೋಥೆರಪಿಗೆ ಹೋಗಿ, ನಾಲ್ಕೈದು ವ್ಯಾಯಾಮ ಸರಿಯಾಗಿ ಕಲಿತು ಬರುವುದು. ಉಳಿದ ದಿನ ಬೆಳಗ್ಗೆ ಹತ್ತು ನಿಮಿಷ ಮಗಳ ಜೊತೆ ಮಾರ್ಜಾಲಾಸನ, ಬಾಲಾಸನ. ಟೀವಿ ನೋಡಿ ಕಷ್ಟದ ಆಸನಕ್ಕೆ ಕೈ ಹಾಕಬೇಡಿ ಎಂದೆ.

ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ವಿಪರೀತ ಹಸಿವು. ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಆಗಲೇ ಮುಗಿಯುತ್ತದೆ. ನೋವು ಕೆರಳುವುದೂ ಆಗಲೇ. ಅದಕ್ಕೇ ಯಜಮಾನರನ್ನು ಕರೆಸಿದೆ. ವಾದ ಮಾಡಲಿಲ್ಲ, "ಆ ವಾರ ಹೊರೆ ಯಾರು ಹೊರುತ್ತಾರೆ?" ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರೆ ನಾನೇ ತರ್ತೀನಿ. ಇವಳು ಸಣ್ಣ ಸಣ್ಣ ಕಟ್ಟು ಮಾಡಿ ಹಾಕ್ಲಿ" ಎಂದರು. ಯೋಗಕ್ಕಿಂತ ಈ ಒಪ್ಪಂದವೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ.

ದಿನಾ ಮಾತ್ರೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು, ವೈದ್ಯರನ್ನು ಕೇಳಿಯೇ ತಗೊಳ್ಳಿ ಎಂದೆ. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಯೋಗ, ವ್ಯಾಯಾಮ ಬಿಟ್ಟು ಅವತ್ತೇ ಆಸ್ಪತ್ರೆಗೆ.

ಎರಡು ಬೆಳೆ ಕಳೆದ ಮೇಲೆ ಬಂದರು. ನೋವು ಪೂರ್ತಿ ಹೋಗಿಲ್ಲ, ಮಾತ್ರೆ ಅಪರೂಪ. ವ್ಯಾಯಾಮ ನಡೆದಿದೆ, ಆಸನ ಆಗಾಗ ತಪ್ಪುತ್ತದಂತೆ. ಮುಂದಿನ ಭೇಟಿ ಮುಂದಿನ ಬೆಳೆಯ ಮೂರನೇ ಜ್ವರಕ್ಕೆ.